ಕಟ್ ಅಂದ ಮೇಲೆ

ಕೆಟ್ಟದಾಗಿ ನಟಿಸು ಎಂದು ಮಗಳಿಗೆ ಬುದ್ಧಿ ಹೇಳುವ ತಾಯಿ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮವ್ವ ವಿಶಾಲಮ್ಮ ಒಬ್ಬಳೇ. ಶೂಟಿಂಗಿನ ದಿನ ಬೆಳಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದರೆ ಬಾಚಣಿಗೆ ಕಿತ್ತುಕೊಂಡು ಎದುರಿಗೆ ಕೂತಳು.

"ನೋಡೇ ಚೈತನ್ಯಾ, ಒಂಚೂರು ನಡುಗಿದಂಗೆ ಮಾಡಿ ಬಿಟ್ಬಿಡು. ಭಾಳ ಚಂದ ಮಾಡಕ್ಕೆ ಹೋಗ್ಬೇಡ. ನಿನ್ ದಮ್ಮಯ್ಯ ಅಂತೀನಿ."

"ಚಂದ ಮಾಡ್ದಿದ್ರೆ ನಾಳೆ ಬೇರೆಯೋಳನ್ನ ಕರ್ಕೊಂಡ್ ಬರ್ತಾರವ್ವ."

"ಬರ್ಲಿ ಬಿಡು. ಪಾತ್ರ ಹೋದ್ರೆ ಇನ್ನೊಂದು ಸಿಗ್ತದೆ. ನೀನು ಹೋದ್ರೆ ಎಲ್ಲಿಂದ ತರ್ಲಿ ನಾನು?"

ಪಾತ್ರ ಹೋದರೆ ಇನ್ನೊಂದು ಸಿಗುತ್ತದಂತೆ! ಪಾತ್ರ ಅಂದರೇನು ಬೇಲಿ ಮೇಲಿನ ಹೀರೆಕಾಯಿಯೇ, ಒಂದು ಕಿತ್ತರೆ ಪಕ್ಕದಲ್ಲಿ ಇನ್ನೊಂದು ಇರಲಿಕ್ಕೆ? ಸಾಗರದ ಹತ್ತಿರ ನಾಟಕ ಕಲಿತೆ. ತಂಡದ ಜೊತೆ ಹೊಸನಗರ, ತೀರ್ಥಹಳ್ಳಿ ಅಂತ ಊರೂರು ಅಲೆದು, ಶಾಲೆಯ ಜಗುಲಿಗಳಲ್ಲಿ ಮಲಗಿ, ಬೆಳಗಾಗೆದ್ದು ಪರದೆ ಮಡಚಿದೆ. ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಹುಲಿಯ ಮುಖವಾಡ ಮಾಡಿಸಿದೆ. ಬೆಂಗಳೂರಿಗೆ ಹೋಗಿ ಯಾರದೋ ಮುಖಕ್ಕೆ ನನ್ನ ಗಂಟಲಿನಿಂದ ಅತ್ತು ಡಬ್ಬಿಂಗ್ ಮಾಡಿದೆ. ಧಾರಾವಾಹಿಯಲ್ಲಿ ಕಾಫಿ ತಂದಿಟ್ಟು ಹೋಗುವ ಕೆಲಸದವಳಾದೆ, ಅಲ್ಲಿ ನನ್ನ ಮುಖಕ್ಕಿಂತ ಕಾಫಿ ತಟ್ಟೆಯ ಮೇಲೆ ಹೆಚ್ಚು ಬೆಳಕು ಬಿದ್ದಿತ್ತು. ಇಷ್ಟೆಲ್ಲ ಆದ ಮೇಲೆ ಒಂದು ಪಾತ್ರ ಸಿಕ್ಕಿದೆ. ಹೆಸರಿರುವ, ಮಾತಿರುವ, ಕಥೆಯನ್ನೇ ತಿರುಗಿಸುವ ಪಾತ್ರ.

ಅದು ಒಂದು ವೆಬ್ ಸೀರೀಸ್. ನಿರ್ದೇಶಕರು ಅಭಿಷೇಕ ಅಂತ, ತೀರ್ಥಹಳ್ಳಿ ಕಡೆಯವರು. ಹಳ್ಳಿಯ ಹುಡುಗಿಯೊಬ್ಬಳ ಮೈಮೇಲೆ ದೇವಿ ಬಂದು, ಊರೆದುರು ಕೊಲೆಗಾರನನ್ನು ಬೊಟ್ಟು ಮಾಡಿ ತೋರಿಸುವುದು ಕಥೆಯ ಮುಖ್ಯ ದೃಶ್ಯ. ಆಡಿಷನ್ನಿನಲ್ಲಿ ನಾನು ನಡುಗಿದ್ದು ನೋಡಿ ಅವರು ಕುರ್ಚಿ ಬಿಟ್ಟು ಎದ್ದು ನಿಂತರು. "ಈ ನಡುಕ ಎಲ್ಲಿ ಕಲಿತ್ರಿ?" ಎಂದರು. ನಾಟಕ ಶಾಲೆಯಲ್ಲಿ ಅಂದೆ. ಅದು ಶುದ್ಧ ಸುಳ್ಳು. ನಾನು ಕಲಿತದ್ದು ನಮ್ಮ ಬೆಳ್ಳತ್ತೆಯನ್ನು ನೋಡಿ.

ಬೆಳ್ಳಮ್ಮ ನನ್ನ ಅಪ್ಪನ ತಂಗಿ. ಬ್ಯಾಕೋಡಿನಿಂದಾಚೆ ಹಿನ್ನೀರಿನ ದಂಡೆಯಲ್ಲಿರುವ ನಮ್ಮೂರಿನ ಚೌಡಮ್ಮ ಅವಳ ಮೈಮೇಲೆ ಬರುತ್ತಾಳೆ. ಲಿಂಗನಮಕ್ಕಿಯ ನೀರು ಏರಿದಾಗ ಹಳೇ ಊರಿನ ಜೊತೆ ಚೌಡಮ್ಮನ ಕಟ್ಟೆಯೂ ಮುಳುಗಿತು. ದೇವಿಯ ಕಲ್ಲನ್ನು ಮಾತ್ರ ಹಿರಿಯರು ಹೊತ್ತು ಮೇಲೆ ತಂದರು. ಬೇಸಿಗೆಯಲ್ಲಿ ನೀರು ಇಳಿದು ಆ ಕಟ್ಟೆ ಕಾಣಿಸಿದಾಗ ಕಲ್ಲನ್ನು ಮತ್ತೆ ಅಲ್ಲಿಗೇ ಇಳಿಸಿ ಹಬ್ಬ ಮಾಡುತ್ತೇವೆ. ಡೊಳ್ಳು ಬಡಿಯುತ್ತಾರೆ, ಅತ್ತೆಯ ಕೈಗೆ ಅಡಿಕೆಯ ಹೂಗೊನೆ ಸಿಂಗಾರವನ್ನು ಕೊಡುತ್ತಾರೆ, ಅವಳು ನಡುಗಲು ಶುರುಮಾಡುತ್ತಾಳೆ. ಆಗ ಅವಳ ಕಾಲಿನ ಬೆರಳುಗಳೆಲ್ಲ ಮೇಲೆದ್ದು ಬರೀ ಹಿಮ್ಮಡಿಯ ಮೇಲೆ ನಿಲ್ಲುತ್ತಾಳೆ. ಚಿಕ್ಕವಳಿದ್ದಾಗ ನಾನು ಅವ್ವನ ಸೆರಗಿನ ಹಿಂದೆ ಅವಿತು ಅತ್ತೆಯ ಮುಖ ನೋಡಲಾರದೆ ಆ ಕಾಲುಗಳನ್ನೇ ನೋಡುತ್ತಿದ್ದೆ.

ಮೈಮೇಲೆ ದರ್ಶನ ಬಂದವರನ್ನು ಹಾಗೇ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಹೊಸಬರ ಮೈಮೇಲೆ ಬಂದರೆ ಊರ ಹಿರಿಯರು ಎದುರಿಗೆ ನಿಂತು, ಈ ಮೈಯಲ್ಲೇ ಉಳಿಯುತ್ತೀಯಾ ತಾಯಿ ಅಂತ ಮೂರು ಸಲ ಕೇಳಬೇಕು. ಮೂರು ಸಲವೂ ಸುಮ್ಮನಿದ್ದರೆ ಒಪ್ಪಿಗೆ ಅಂತ ಲೆಕ್ಕ. ಆಮೇಲೆ ತೀರ್ಥ ಹಾಕಿ ಇಳಿಸುತ್ತಾರೆ. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ.

ಮೊದಲ ಸಲ ಮೈಮೇಲೆ ಬಂದ ದಿನ ಬೆಳ್ಳತ್ತೆ ಸುಮ್ಮನಿದ್ದಳಂತೆ. ಅವಳಿಗೆ ಸಾಗರದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು, ಟ್ರಂಕು ತುಂಬಿ ಇಟ್ಟಿದ್ದಳು. ಒಪ್ಪಿಗೆ ಅಂತಾದ ಮೇಲೂ ಹಟ ಮಾಡಿ ಲಾಂಚು ಹತ್ತಿ ಹೋದಳು. ಆ ಮಳೆಗಾಲ ತೆಪ್ಪ ಮಗುಚಿ ಅಜ್ಜ ತೀರಿಕೊಂಡ. ತೆಪ್ಪ ಹಳೆಯದಾಗಿತ್ತು, ಗಾಳಿ ಜೋರಿತ್ತು. ಆದರೂ ಊರಿಗೆ ಊರೇ ಅದಕ್ಕೂ ಇದಕ್ಕೂ ಗಂಟು ಹಾಕಿತು. ಅತ್ತೆ ವಾಪಸ್ ಬಂದವಳು ಮತ್ತೆ ಹೋಗಲಿಲ್ಲ. ಮದುವೆ ಇಲ್ಲ, ಹೊರಗಿನ ಊಟ ಇಲ್ಲ, ಪೇಟೆಗೆ ಹೋದರೂ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಅವಳು ಇವತ್ತಿನವರೆಗೆ ಹೋಟೆಲಿನ ಚಾ ಕುಡಿದಿಲ್ಲ.

ಈಗ ಅತ್ತೆಯ ಮೊಣಕಾಲು ಹೋಗಿದೆ. ಮುಂದೆ ಯಾರು ಅಂತ ಊರು ಕಣ್ಣು ಹಾಯಿಸುತ್ತಿದೆ. ದೇವಿ ಮನೆತನ ಬಿಟ್ಟು ಹೋಗುವುದಿಲ್ಲವಂತೆ. ಆ ಮನೆತನದಲ್ಲಿ ಉಳಿದಿರುವ ಒಂದೇ ಹೆಣ್ಣು ನಾನು.

ಇಂಥದ್ದರಲ್ಲಿ ಸೀರೀಸಿನವರು ಹೊಸ ಸೇತುವೆ ದಾಟಿ ಬಂದು, ಇಡೀ ಹಿನ್ನೀರು ಸುತ್ತಿ, ಹುಡುಕೀ ಹುಡುಕೀ ನಮ್ಮೂರಿನ ಚೌಡಮ್ಮನ ಕಟ್ಟೆಯನ್ನೇ ಆರಿಸಬೇಕೇ! ಅವರು ಕಳಿಸಿದ ಫೋಟೋ ನೋಡಿದ ಕೂಡಲೇ ಗುರುತು ಸಿಕ್ಕಿತು. ಚೆನ್ನಾಗಿ ಮಾಡಿದರೆ ಊರು ನನ್ನನ್ನು ಹಿಡಿಯುತ್ತದೆ, ಕೆಟ್ಟದಾಗಿ ಮಾಡಿದರೆ ಪಾತ್ರ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ.

"ಸರ್, ಬೇರೆ ಜಾಗ ನೋಡೋಕಾಗಲ್ವಾ?" ಎಂದು ಅಭಿಷೇಕರಿಗೆ ಫೋನು ಮಾಡಿದೆ.

"ಯಾಕ್ರೀ, ನಿಮ್ಮೂರೇ ಅಂತೆ! ಎಷ್ಟು ಚೆನ್ನಾಗಾಯ್ತು ನೋಡಿ. ಊರಿನವರೇ ಜೂನಿಯರ್ ಆರ್ಟಿಸ್ಟ್. ನಿಜವಾಗಿ ಹೇಗೆ ಮಾಡ್ತಾರೋ ಹಾಗೇ ಮಾಡ್ಲಿ, ನಾವು ಹಿಡ್ಕೊಳ್ಳೋಣ."

ಊರಿನವರು ಬೇಡ ಅಂದಾರು ಅಂತ ಒಂದು ಆಸೆ ಇತ್ತು. ಊರ ಹಿರಿಯ ಮಾಸ್ತಪ್ಪಜ್ಜ ಕಲ್ಲಿನ ನೆತ್ತಿಗೆ ಹೂವಿಟ್ಟು ಪ್ರಸಾದ ಕೇಳಿದ. ಎಡಕ್ಕೆ ಬೀಳಲಿ, ಎಡಕ್ಕೆ ಬೀಳಲಿ ಅಂತ ನಾನು ಕೈ ಮುಗಿದು ಕೂತೆ, ದೇವರನ್ನೇ ನಂಬದವಳು. ಹೂವು ಬಲಕ್ಕೆ ಬಿತ್ತು. ಮಾಸ್ತಪ್ಪಜ್ಜ ನನ್ನ ಕಡೆ ತಿರುಗಿ, "ತಾಯಿಗೆ ನಿನ್ ಮೇಲೆ ಮನ್ಸಿದ್ದಂಗೆ ಕಾಣ್ತದೆ ಮಗಾ," ಎಂದು ನಕ್ಕ. ಆ ಮುದುಕ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಲ್ಲ ತಿನ್ನಿಸಿದವನು. ಅವನ ನಗು ನೋಡಿ ಇಷ್ಟು ಹೆದರಿಕೆ ಯಾವತ್ತೂ ಆಗಿರಲಿಲ್ಲ.

ಶೂಟಿಂಗಿನ ಹಿಂದಿನ ದಿನ ಮಧ್ಯಾಹ್ನ ಅತ್ತೆ ಅಂಗಳದಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಒಣಹಾಕುತ್ತಿದ್ದಳು. ನಾನೂ ಹೋಗಿ ಕೂತೆ. ಕೈಯೆಲ್ಲ ಕೆಂಪು ಮಾಡಿಕೊಂಡು ಇಬ್ಬರೂ ಸಿಪ್ಪೆ ಹರಡಿದೆವು.

"ನೀನು ನಡುಗ್ತೀಯಲ್ಲ ನಾಟ್ಕದಲ್ಲಿ," ಅತ್ತೆ ತಲೆ ಎತ್ತದೆ ಕೇಳಿದಳು, "ಅಳ್ತೀಯಲ್ಲ. ಆಮೇಲೆ ವಾಪಸ್ ಹೆಂಗ್ ಬರ್ತೀಯಾ?"

"ವಾಪಸ್ ಅಂದ್ರೆ?"

"ವಾಪಸ್ ಅಂದ್ರೆ ವಾಪಸ್. ನೀನು ನೀನಾಗಾದು."

ಯಾವ ಶಿಬಿರದಲ್ಲೂ ಯಾವ ವಿದ್ಯಾರ್ಥಿಯೂ ನನ್ನನ್ನು ಇದು ಕೇಳಿರಲಿಲ್ಲ. ನಮ್ಮ ನಟನೆಯ ಮೇಷ್ಟ್ರು ಗೋಪಾಲಪ್ಪ ಹೇಳಿಕೊಟ್ಟದ್ದನ್ನು ಹೇಳಿದೆ. "ಹೆಬ್ಬೆರಳು ಅತ್ತೆ. ಕಾಲಿನ ಹೆಬ್ಬೆರಳನ್ನ ನೆಲಕ್ಕೆ ಒತ್ತಿ ಹಿಡ್ಕೋಬೇಕು. ಮೈಯೆಲ್ಲ ಏನಾದ್ರೂ ಆಗ್ಲಿ, ಹೆಬ್ಬೆರಳು ನೆಲ ಬಿಡಬಾರ್ದು. ಅದು ಅಲ್ಲಿದೆ ಅಂತ ಗೊತ್ತಿದ್ರೆ ನಾನೂ ಇದೀನಿ ಅಂತ ಲೆಕ್ಕ."

"ಅಷ್ಟೆಯಾ?"

"ಅಷ್ಟೇ."

ಅತ್ತೆ ಚಪ್ಪಲಿಯಿಂದ ಕಾಲು ಹೊರಗೆ ತೆಗೆದು ಹೆಬ್ಬೆರಳನ್ನು ಸೆಗಣಿ ಸಾರಿಸಿದ ನೆಲಕ್ಕೆ ಒತ್ತಿ ನೋಡಿದಳು. ಆಮೇಲೆ ಏನೂ ಆಗದವಳ ಹಾಗೆ ಸಿಪ್ಪೆ ಹರಡಿದಳು. "ಹೆದ್ರಿಕೆ ಆಗ್ತದನೇ?" ಎಂದಳು. ಹೌದತ್ತೆ ಅಂದೆ. ಮುಚ್ಚಿಡುವುದೇನಿದೆ.

ಬೆಳಗ್ಗೆ ಕಟ್ಟೆಯ ಹತ್ತಿರ ಹೋಗಿ ನೋಡುತ್ತೇನೆ, ಜೂನಿಯರ್ ಆರ್ಟಿಸ್ಟ್ ಅಂತ ಕರೆದಿದ್ದ ಊರಿನವರೆಲ್ಲ ಮಿಂದು, ಉಪವಾಸವಿದ್ದು, ಮಡಿಬಟ್ಟೆ ಉಟ್ಟು ಬಂದಿದ್ದರು. ತಿಂಡಿಯ ಡಬ್ಬಗಳನ್ನು ಒಬ್ಬರೂ ಮುಟ್ಟಿರಲಿಲ್ಲ. ಆರ್ಟ್ ಡೈರೆಕ್ಟರ್ ತಂದಿದ್ದ ಥರ್ಮಾಕೋಲ್ ದೇವಿಯನ್ನು ಮಾಸ್ತಪ್ಪಜ್ಜ ಒಂದು ಕಡೆ ಸರಿಸಿ, ನಿಜವಾದ ಕಲ್ಲನ್ನೇ ಇಳಿಸಿ ತಂದು ಕೂರಿಸಿದ್ದ. "ಹೆಂಗ್ ಮಾಡ್ತೀರೋ ಹಂಗೇ ಮಾಡಿ ಅಂದಿದ್ರಲ್ಲ ಸಾರು," ಎಂದ. ಅಭಿಷೇಕರಿಗೆ ಖುಷಿಯೋ ಖುಷಿ. ಈ ಜನಕ್ಕೆ ಸುಳ್ಳುಸುಳ್ಳೇ ಪೂಜೆ ಮಾಡುವುದು ಗೊತ್ತಿಲ್ಲ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಅತ್ತೆ ಛತ್ರಿಯ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವ್ವ ನಿಂತು, ಕಣ್ಣಲ್ಲೇ ಕೆಟ್ಟದಾಗಿ ಮಾಡು ಅನ್ನುತ್ತಿದ್ದಳು.

ನನ್ನ ಕೈಗೆ ಸಿಂಗಾರ ಬಂತು. ಅದೂ ನಿಜವಾದದ್ದೇ, ಹಸಿ ವಾಸನೆ ಮೂಗಿಗೆ ಬಡಿಯಿತು. ಆಕ್ಷನ್ ಎಂದರು. ಡೊಳ್ಳು ಶುರುವಾಯಿತು.

ಮೊದಲು ನಾನೇ ನಡುಗಿದೆ. ಹೊಟ್ಟೆಯಿಂದ ಉಸಿರು ಕಿತ್ತು, ಭುಜಕ್ಕೆ ತಂದು, ಕಲಿತ ಹಾಗೇ. ಹೆಬ್ಬೆರಳನ್ನು ಒತ್ತಿ ಹಿಡಿದಿದ್ದೆ. ಅಷ್ಟರಲ್ಲಿ ಡೊಳ್ಳಿನ ಪೆಟ್ಟು ಬದಲಾಯಿತು. ಅದು ಹಬ್ಬದ ದಿನ ಬಿಟ್ಟು ಬೇರೆ ದಿನ ಬಡಿಯದ ಪೆಟ್ಟು, ಚಿಕ್ಕಂದಿನಿಂದ ಬಲ್ಲೆ. ಮೈ ಜುಂ ಅಂತು. ನೀರು ಈಗಷ್ಟೇ ಇಳಿದ ಜಾಗ, ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಹಸಿ ಕೆಸರು. ಒತ್ತಿದಷ್ಟೂ ಹೆಬ್ಬೆರಳು ಒಳಗೆ ಹೋಯಿತು. ನೆಲ ಸಿಗಲಿಲ್ಲ. ನೆಲ ಎಲ್ಲಿ ಅಂತ ಹುಡುಕಿದ್ದು ನೆನಪಿದೆ. ಆಮೇಲೆ ಸ್ವಲ್ಪ ಹೊತ್ತಿನದ್ದು ನೆನಪಿಲ್ಲ. ನಾನು ಕೊಲೆಗಾರನ ಪಾತ್ರದವನ ಕಡೆ ಬೊಟ್ಟು ಮಾಡಿದೆನಂತೆ, ಮಾತನ್ನೂ ಆಡಿದೆನಂತೆ. ಆಡಿದವಳು ಯಾರೋ ನನಗೆ ಗೊತ್ತಿಲ್ಲ.

"ಕಟ್! ಸೂಪರ್!" ಅಂತ ಎಲ್ಲೋ ದೂರದಲ್ಲಿ ಕೇಳಿಸಿತು. ಲೈಟಿನ ಹುಡುಗರು ಚಪ್ಪಾಳೆ ತಟ್ಟಿದರು. ಮುಗೀತು ಅಂದುಕೊಂಡೆ. ಆದರೆ ಡೊಳ್ಳು ನಿಲ್ಲಲಿಲ್ಲ. ನನ್ನ ನಡುಕವೂ ನಿಲ್ಲಲಿಲ್ಲ.

ಕಣ್ಣು ತೆರೆದರೆ ಊರಿಗೆ ಊರೇ ಮಂಡಿಯೂರಿತ್ತು. ನನ್ನ ಜೊತೆ ಶಾಲೆಗೆ ಬಂದವರು, ನನ್ನ ನಾಟಕ ನೋಡಿ ಗೇಲಿ ಮಾಡಿದವರು, ಎಲ್ಲರೂ ಕೈ ಮುಗಿದು ನನ್ನನ್ನು ನೋಡುತ್ತಿದ್ದರು. ಮಾಸ್ತಪ್ಪಜ್ಜ ತೀರ್ಥದ ತಂಬಿಗೆ ಹಿಡಿದು ಎದುರಿಗೆ ಬಂದ. ಅವನ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ತಾಯಿ, ಈ ಮೈಯಲ್ಲೇ ಉಳೀತೀಯಾ?"

ಅಯ್ಯೋ ದೇವರೇ! ಇಲ್ಲ ಅನ್ನಬೇಕು. ಅಜ್ಜಾ ನಾನು ಕಣೋ, ಚೈತನ್ಯಾ, ಇದು ನಾಟಕ ಅನ್ನಬೇಕು. ಬಾಯಿ ತೆರೆದೆ. ನಾಲಿಗೆಯ ಪಸೆ ಆರಿ ಮೇಲಕ್ಕೆ ಅಂಟಿಕೊಂಡಿತ್ತು. ಊರೂರಿನ ರಂಗದ ಮೇಲೆ ಕೊನೇ ಸಾಲಿನವರಿಗೂ ಕೇಳಿಸುವ ಹಾಗೆ ಮಾತಾಡಿದ ಗಂಟಲು, ಒಂದು ಇಲ್ಲ ಅನ್ನಲಾರದೆ ಹೋಯಿತು. ಅಭಿಷೇಕರು ಓಡಿ ಬಂದರೆ ಊರಿನವರು ಕೈ ಅಡ್ಡ ಹಿಡಿದರು. "ಸಾರ್, ಚಪ್ಲಿ! ಇಳ್ಸಾವರ್ಗೂ ಯಾರೂ ಮುಟ್ಟಂಗಿಲ್ಲ."

ಅವರು ನಿಂತರು. ನನ್ನ ಮುಖ ನೋಡಿದರು. ಬಿಡಿಸಿಕೊಂಡು ಬರುತ್ತಾರೆ ಅಂದುಕೊಂಡೆ. ಅವರು ಹಿಂದೆ ತಿರುಗಿ ಮೆಲ್ಲಗೆ, "ರೋಲ್ ಮಾಡ್ರೀ, ರೋಲ್ ಮಾಡ್ರೀ," ಎಂದರು. ಕ್ಯಾಮೆರಾದ ಕೆಂಪು ದೀಪ ಮತ್ತೆ ಹತ್ತಿಕೊಂಡಿತು. ಥೂ, ಮನುಷ್ಯನೇ ಅವನು!

"ತಾಯಿ, ಈ ಮೈಯಲ್ಲೇ ಉಳೀತೀಯಾ?" ಎರಡನೇ ಸಲ.

ಸಾಗರದ ಬಸ್ಸು, ಪರದೆಯ ಧೂಳು, ಮುಖಕ್ಕೆ ಹಚ್ಚುವ ಬಣ್ಣದ ವಾಸನೆ, ಎಲ್ಲ ಒಂದೊಂದಾಗಿ ಕೈಬಿಟ್ಟು ಹೋಗುತ್ತಿರುವ ಹಾಗಾಯಿತು. ಒಲ್ಲೆ ಅಂತ ಓಡಿಹೋದರೆ ಮುಂದಿನ ಮಳೆಗಾಲ ಅಪ್ಪ ತೆಪ್ಪ ಹತ್ತುವುದಿಲ್ಲವೇ? ಅವ್ವನಿಗೆ ಜ್ವರ ಬರುವುದಿಲ್ಲವೇ? ಬಂದರೆ ನನ್ನಿಂದಲೇ ಅಂತಾರೆ. ಅವರು ಅನ್ನುವುದಿರಲಿ, ನನಗೇ ಹಾಗನ್ನಿಸುತ್ತದೆ. ಅದೇ ದೊಡ್ಡ ಭಯ. ಹೆದರಿಕೆಯ ನಡುಕವೋ, ನಟನೆಯ ನಡುಕವೋ, ನಿಜವಾಗಿ ಅವಳದ್ದೋ ಅಂತ ನನಗೇ ತಿಳಿಯದಾಗಿತ್ತು. ಅವ್ವ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು.

ಮಾಸ್ತಪ್ಪಜ್ಜ ಮೂರನೇ ಸಲಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಎದ್ದಿತು.

ಬೆಳ್ಳತ್ತೆ! ಪ್ಲಾಸ್ಟಿಕ್ ಕುರ್ಚಿ ಉರುಳಿತು. ಕೂದಲು ಬಿಚ್ಚಿಹೋಗಿತ್ತು, ಮೈ ಗಡಗಡ ನಡುಗುತ್ತಿತ್ತು. ಸರಿಯಾಗಿ ನಡೆಯಲಾಗದವಳು ಜನರ ನಡುವೆ ನುಗ್ಗಿ ಬಂದು, ನನ್ನ ಕೈಯಿಂದ ಸಿಂಗಾರ ಕಿತ್ತುಕೊಂಡು ಮಾಸ್ತಪ್ಪಜ್ಜನ ಎದೆಗೆ ಅಪ್ಪಳಿಸಿದಳು.

"ಮಾಸ್ತಪ್ಪಾ! ಯಾರನ್ನ ಕೇಳ್ತಿದೀಯೋ? ನಾನಿಲ್ಲಿದೀನಿ! ವೇಷ ಹಾಕ್ದೋಳ ಹತ್ರ ನುಡಿ ಕೇಳ್ತೀಯಾ? ಇವ್ಳು ನನ್ನೋಳಲ್ಲ. ಇವ್ಳಿಗೆ ಬಣ್ಣದ ಕೆಲ್ಸ ಕೊಟ್ಟಿದೀನಿ, ಮಾಡ್ಕಂಡ್ ತಿನ್ಲಿ. ಇವ್ಳ ಹಾದಿಗೆ ಅಡ್ಡ ನಿಂತ್ರೆ ನನ್ ಹಾದಿಗೆ ನಿಂತಂಗೆ!"

"ತಪ್ಪಾತು ತಾಯಿ, ತಪ್ಪಾತು!" ಮಾಸ್ತಪ್ಪಜ್ಜ ಕೆಸರಿನಲ್ಲಿ ಅಡ್ಡ ಬಿದ್ದ. ಊರೆಲ್ಲ ಅಡ್ಡ ಬಿತ್ತು. ನಾನೂ ಕೆಳಗೆ ಕೂತೆ. ಚಿಕ್ಕಂದಿನ ಹಾಗೇ ಅತ್ತೆಯ ಮುಖ ನೋಡುವ ಧೈರ್ಯವಾಗದೆ ಕಾಲು ನೋಡಿದೆ.

ಬೆರಳುಗಳು ಮೇಲೆದ್ದಿರಲಿಲ್ಲ. ಅತ್ತೆ ಹಿಮ್ಮಡಿಯ ಮೇಲೆ ನಿಂತಿರಲಿಲ್ಲ. ಮೈಯೆಲ್ಲ ನಡುಗುತ್ತಿದ್ದರೂ ಎರಡೂ ಕಾಲಿನ ಹೆಬ್ಬೆರಳುಗಳನ್ನು ಕಟ್ಟೆಯ ಕಲ್ಲಿನ ಅಂಚಿಗೆ, ಉಗುರು ಬಿಳಿಚುವಷ್ಟು, ಒತ್ತಿ ಹಿಡಿದಿದ್ದಳು.

ತೀರ್ಥ ಹಾಕಿದರು, ಕಾಯಿ ಒಡೆದರು. ಡೊಳ್ಳು ನಿಂತಿತು. ಅತ್ತೆ ನನ್ನ ರಟ್ಟೆ ಹಿಡಿದು ಮೇಕಪ್ಪಿಗೆ ಅಂತ ಟಾರ್ಪಾಲು ಕಟ್ಟಿದ್ದ ಮರೆಗೆ ಕರೆದುಕೊಂಡು ಹೋದಳು. ಅಲ್ಲಿ ಕೂತ ಮೇಲೂ ಅವಳ ನಡುಕ ನಿಲ್ಲಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ.

"ಗೊತ್ತಾತನೇ?"

"ಊರೋರಿಗಾ? ಇಲ್ಲತ್ತೆ. ಒಬ್ರಿಗೂ ಇಲ್ಲ."

"ನಿಂಗೆ?"

ನಾನು ಅವಳ ಕಾಲು ನೋಡಿದೆ. ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ತಾಯಿ ಹೆಸ್ರಲ್ಲಿ ಸುಳ್ಳಾಡ್ದೆ ಕಣೆ. ಅವ್ಳ ಕಟ್ಟೆ ಮೇಲೇ ನಿಂತ್ಕಂಡು ಆಡ್ದೆ. ಇಷ್ಟ್ ವರ್ಷದಲ್ಲಿ ಒಂದಿನ ಆಡಿರ್ಲಿಲ್ಲ."

"ಯಾಕತ್ತೆ ಮಾಡ್ದೆ?" ನನಗೆ ಅಳು ಒತ್ತರಿಸಿ ಬಂತು.

ಅತ್ತೆ ಸೆರಗಿನಿಂದ ನನ್ನ ಹಣೆಯ ಕುಂಕುಮ ಒರೆಸುತ್ತಾ ಹೇಳಿದಳು. "ಆವತ್ತು ನಂಗೂ ಬಾಯಿ ಕಟ್ಟೋಗಿತ್ತು. ಮೂರ್ನೇ ಸಲ ಕೇಳಾವರ್ಗೂ ಕಾದೆ, ಯಾರಾದ್ರೂ ಇವ್ಳು ಬ್ಯಾಡ ಅಂತ ಕೂಗ್ತಾರೇನೋ ಅಂತ. ನನ್ನವ್ವ ಇದ್ಲು. ನಿಮ್ಮಪ್ಪ ಇದ್ದ. ಎಲ್ರೂ ಕೈ ಮುಗ್ಕಂಡು ನಿಂತಿದ್ರು."

ನಾನು ಅವಳ ಕೈ ಬಿಡಲಿಲ್ಲ.

"ಮುಂದಿನ್ ಹಬ್ಬಕ್ಕೆ ಅವ್ಳು ನನ್ ಮೈಗೆ ಬರ್ದಿದ್ರೆ ಎಂತ ಮಾಡ್ಲಿ?" ಅತ್ತೆಯ ದನಿ ಸಣ್ಣ ಹುಡುಗಿಯದ್ದಾಗಿತ್ತು. "ಬಂದು ಸಿಟ್ಟು ಮಾಡಿದ್ರೆ? ನಂಗೆ ಹೆದ್ರಿಕೆ ಆಗ್ತದೆ ಕಣೆ."

ಏನೂ ಆಗಲ್ಲ ಅತ್ತೆ, ಅದೆಲ್ಲ ಸುಳ್ಳು ಅಂತ ಬೇರೆ ದಿನವಾಗಿದ್ದರೆ ಒಂದು ಭಾಷಣ ಬಿಗಿಯುತ್ತಿದ್ದೆ. ಆವತ್ತು ನನಗೂ ಹೆದರಿಕೆಯಾಗಿತ್ತು, ಈ ಸಲ ಅವಳಿಗಾಗಿ.

ಟಾರ್ಪಾಲಿನ ಆಚೆಯಿಂದ ಅಭಿಷೇಕರ ದನಿ ಬಂತು. "ಚೈತನ್ಯಾ, ಅದ್ಭುತ! ಆದ್ರೆ ಫೋಕಸ್ ಸ್ವಲ್ಪ ಹೋಗಿದೆ. ಒನ್ ಮೋರ್ ಮಾಡೋಣ್ವಾ?"

ಆ ಮನುಷ್ಯನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಅತ್ತೆ ನನ್ನ ಬೆನ್ನಿಗೆ ಕೈ ಇಟ್ಟು ಎಬ್ಬಿಸಿದಳು.

"ಹೋಗು. ಚಂದ ಮಾಡು. ಕಟ್ ಅಂದ್ಕೂಡ್ಲೆ ಓಡ್ ಬಂದ್ಬಿಡು. ಇನ್ನೊಂದ್ಸಲ ನನ್ ಕೈಲಾಗಲ್ಲ."

ಈ ಸಲ ನಾನೇ ಜಾಗ ಆರಿಸಿದೆ, ಕಟ್ಟೆಯ ಪಕ್ಕದ ಗಟ್ಟಿ ಜಂಬಿಟ್ಟಿಗೆ ಕಲ್ಲಿನ ಮೇಲೆ. ಹೆಬ್ಬೆರಳು ಒತ್ತಿದರೆ ನೆಲ ಸಿಕ್ಕಿತು. ಊರಿನವರು ಈಗ ನಾಟಕ ನೋಡುವವರ ಹಾಗೆ ನಿರಾಳವಾಗಿ ನಿಂತಿದ್ದರು. ಮಾಸ್ತಪ್ಪಜ್ಜ ಮೀಸೆ ಸರಿಮಾಡಿಕೊಂಡು ಕ್ಯಾಮೆರಾ ಎಲ್ಲಿದೆ ಅಂತ ವಿಚಾರಿಸುತ್ತಿದ್ದ. ಅತ್ತೆಯನ್ನು ಅವ್ವ ಮತ್ತೆ ಛತ್ರಿಯ ಕೆಳಗೆ ಕೂರಿಸಿದ್ದಳು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಚೌಡಮ್ಮನ ಕಲ್ಲನ್ನೇ ನೋಡುತ್ತಿದ್ದಳು, ತುಟಿ ಅಲುಗುತ್ತಿತ್ತು. ಚಪ್ಪಲಿ ಪಕ್ಕಕ್ಕೆ ಬಿಟ್ಟು ಎರಡೂ ಹೆಬ್ಬೆರಳುಗಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದಳು.

ಆಕ್ಷನ್ ಎಂದರು.